ಫುಲೆ ಅಂದ್ರೆ ಹೂಗಾರ: ಪುಣೆಯ ಹೂವು, ಬೀಜ ಮತ್ತು ಕಾಗದದ ಕಥೆ

ಈ ಸಲದ ಮಾತು ಪುಣೆಯ ಹೂವಿನ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬ್‌ನಲ್ಲಿ ಕೂತು ಓದ್ತೀವಿ ಅನ್ನೋರಿಗೆ ಇದು ಬರಹರೂಪ.

ಉತ್ತರ ಕರ್ನಾಟಕದ ಕಡೆಯಿಂದ ಬಂದವರಿಗೆ ಹೂಗಾರ ಅನ್ನೋ ಅಡ್ಡಹೆಸರು ಹೊಸದಲ್ಲ. ಶಾಲೆಯಲ್ಲಿ ಒಬ್ಬ ಹೂಗಾರ ಇದ್ದೇ ಇರ್ತಿದ್ದ. ಗುಡಿಗೆ ಹೂವು, ಪತ್ರಿ ಒದಗಿಸುವ ಕೆಲಸದಿಂದ ಬಂದ ಹೆಸರು ಅದು. ನಾವೆಲ್ಲ ಹಿಂಜವಡಿ, ಖರಾಡಿ, ಹಡಪ್ಸರ್ ಅಂತ ವರ್ಷಗಟ್ಟಲೆ ಓಡಾಡಿದ್ರೂ ಒಂದು ವಿಷಯ ಅಷ್ಟಾಗಿ ಗಮನಿಸಿರೋದಿಲ್ಲ. ಈ ಊರಿನ ಅತಿ ದೊಡ್ಡ ಹೆಸರು ಕೂಡ ಅದೇ. ಫುಲೆ. ಮರಾಠಿಯಲ್ಲಿ ಹಾಗಂದ್ರೆ ಹೂವುಗಳು. ಕನ್ನಡದಲ್ಲಿ ಆ ಮನೆತನವನ್ನ ಕರೆಯೋದಾದ್ರೆ ಹೂಗಾರ ಅನ್ನಬಹುದು.

ಊರಿನ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿ ಫುಲೆ ಹೆಸರು. ಹಳೇ ಪೇಟೆಯ ಮಂಡಿಗೆ ಮಹಾತ್ಮ ಫುಲೆ ಹೆಸರು. ಬೀಜದ ಅಂಗಡಿಗೆ ಹೋದ್ರೆ ಒಂದು ಆಸ್ಟರ್ ತಳಿಯ ಹೆಸರೇ ಫುಲೆ ಗಣೇಶ್. ಅರಮನೆಗೆ ಹೂವು ಕೊಡ್ತಿದ್ದ ಮನೆಯ ಹೆಸರು ಬೀಜದ ಪೊಟ್ಟಣದ ಮೇಲೆ ಬರೋವರೆಗಿನ ಈ ಇನ್ನೂರು ವರ್ಷದಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತೆ. ಹೂವು ಸಂಜೆಗೆ ಬಾಡುತ್ತೆ. ಹಾಗಾದ್ರೆ ಬೆಳೆದವನ ಕೈಯಲ್ಲಿ ಉಳಿಯೋದೇನು?

ಅರಮನೆಯ ಹೂವು, 35 ಎಕರೆ ಇನಾಮು

ಫುಲೆ ಮನೆತನದ ಮೂಲ ಹೆಸರು ಗೋರ್ಹೆ. ಮೂಲ ಊರು ಸಾತಾರಾ ಜಿಲ್ಲೆಯ ಕಟಗುಣ. ಜಾತಿಯಿಂದ ಮಾಲಿಗಳು, ಅಂದ್ರೆ ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಮಾಳಿ ಜನರ ಹಾಗೆ ತೋಟಗಾರಿಕೆಯವರು. ಜ್ಯೋತಿಬಾ ಅವರ ಮುತ್ತಜ್ಜ ಊರಿನ ಜಗಳದಿಂದಾಗಿ ಕಟಗುಣ ಬಿಟ್ಟು ಪುರಂದರ ತಾಲೂಕಿನ ಖಾನವಡಿಗೆ ಬಂದರು ಅಂತ ಜೀವನಚರಿತ್ರೆಗಳು ಹೇಳುತ್ತವೆ. ಪುರಂದರ ಅಂದ ಕೂಡಲೇ ನಮಗೆ ದಾಸರು ನೆನಪಾಗ್ತಾರೆ, ದಾಸರ ಹುಟ್ಟೂರಿನ ಚರ್ಚೆಯಲ್ಲಿ ಈ ಗಡದ ಹೆಸರೂ ಬರುತ್ತೆ. ಅದು ಬೇರೆ ದಿನದ ಮಾತು. ಇಲ್ಲಿ ಖಾನವಡಿ ಅನ್ನೋ ಹೆಸರು ಮಾತ್ರ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಅಜ್ಜ ಶೇಟಿಬಾ ಕಾಲಕ್ಕೆ ಮನೆತನ ಪುಣೆಗೆ ಬಂತು. ಅವರ ಮೂರು ಗಂಡುಮಕ್ಕಳು ಹೂವಿನ ಕೆಲಸ ಕಲಿತು ಕೊನೆಯ ಪೇಶ್ವೆ ಎರಡನೇ ಬಾಜೀರಾವನ ಅರಮನೆಗೆ ಹೂವು ಕೊಡೋರಾದ್ರು. ಬರೀ ಹಾರ ಅಲ್ಲ, ಹೂವಿನ ಹಾಸಿಗೆಯಂಥ ನಾಜೂಕಿನ ಕೆಲಸ. ಇದಕ್ಕೆ ಮೆಚ್ಚಿ ಪೇಶ್ವೆ ಹೂದೋಟಕ್ಕೆಂದು 35 ಎಕರೆ ಜಮೀನನ್ನ ಇನಾಮು ಕೊಟ್ಟ. ಇನಾಮು ಅಂದ್ರೆ ಕಂದಾಯ ಇಲ್ಲದ ಭೂಮಿ. ಕಸುಬಿನಿಂದಲೇ ಜನ ಅವರನ್ನ ಫುಲೆ ಅನ್ನೋಕೆ ಶುರು ಮಾಡಿದ್ರು.

ಆದ್ರೆ ಆ 35 ಎಕರೆ ಕೊನೆಗೆ ಒಬ್ಬನೇ ಅಣ್ಣನ ಹೆಸರಿಗೆ ದಾಖಲಾಯ್ತು. ರಾಣೋಜಿ ಹೆಸರಿಗೆ. ಜೊತೆಗೆ ಬೆವರು ಸುರಿಸಿದ ತಮ್ಮಂದಿರಿಗೆ ಏನೂ ಸಿಗಲಿಲ್ಲ. ತಮ್ಮಂದಿರಲ್ಲಿ ಒಬ್ಬರಾದ ಗೋವಿಂದರಾವ್ ತರಕಾರಿ ಅಂಗಡಿ ಇಟ್ಟುಕೊಂಡು ಜೀವನ ಮಾಡಿದ್ರು. 1818ರಲ್ಲಿ ಪೇಶ್ವಾಯಿ ಮುಗಿಯಿತು, ಹೂವು ಕೊಳ್ಳುತ್ತಿದ್ದ ಅರಮನೆಯೂ ಇಲ್ಲವಾಯ್ತು. 1827ರಲ್ಲಿ ಗೋವಿಂದರಾಯರ ಮಗ ಜ್ಯೋತಿಬಾ ಹುಟ್ಟಿದಾಗ ಮನೆಯಲ್ಲಿ ಹೂವಿನ ಹೆಸರಿತ್ತು, ಇನಾಮಿನ ಹೊಲ ಇರಲಿಲ್ಲ.

ಬೆಳೆದವನು ಯಾರು ಅನ್ನೋದು ಒಂದು, ಕಾಗದದಲ್ಲಿ ಯಾರ ಹೆಸರಿದೆ ಅನ್ನೋದು ಇನ್ನೊಂದು. 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಈ ಮನೆಯ ಮಗ. ಇನಾಮಿನ ಕಥೆಯೇ ಅದಕ್ಕೆ ಕಾರಣ ಅಂತ ನಾನು ಹೇಳೋದಿಲ್ಲ. ಆದ್ರೆ ಓದು ಬಾರದವನ ಹೊಲ ಓದು ಬಂದವನ ಕೈಗೆ ಹೇಗೆ ಹೋಗುತ್ತೆ ಅನ್ನೋದನ್ನ ಅವರು ಜೀವನಪೂರ್ತಿ ಬರೆದ್ರು.

ಕಾಲುವೆ, ಮಾಂಜರಿ, ಮಂಡಿ

ಫುಲೆ ಅಂದ್ರೆ ನಮ್ಮ ಪಠ್ಯಪುಸ್ತಕದಲ್ಲಿ ಶಾಲೆ ಮತ್ತು ಸತ್ಯಶೋಧಕ ಸಮಾಜ, 1873. ಅವರು ಕಾಂಟ್ರಾಕ್ಟರ್ ಕೂಡ ಆಗಿದ್ರು, ರೈತರೂ ಆಗಿದ್ರು ಅನ್ನೋದು ಆ ಪಾಠದಲ್ಲಿ ಇರೋದಿಲ್ಲ. ಖಡಕ್‌ವಾಸ್ಲಾ ಅಣೆಕಟ್ಟೆಯ ಕಾಮಗಾರಿಗೆ ಸಾಮಗ್ರಿ ಒದಗಿಸಿದವರಲ್ಲಿ ಅವರೂ ಒಬ್ಬರು. ಹಡಪ್ಸರ್ ಆಚೆಯ ಮಾಂಜರಿಯಲ್ಲಿ ಅವರಿಗೆ 60 ಎಕರೆ ಜಮೀನಿತ್ತು.

1881ರಿಂದ 1883ರ ನಡುವೆ ಬರೆದ 'ಶೇತಕರ್‍ಯಾಚಾ ಅಸೂಡ್', ಅಂದ್ರೆ ರೈತನ ಚಾಟಿ, ಓದಿದರೆ ಹೊಲದ ಅನುಭವ ಇದ್ದವರು ಬರೆದದ್ದು ಅಂತ ಗೊತ್ತಾಗುತ್ತೆ. ಕಾಲುವೆ ನೀರಿಗೆ ದುಡ್ಡು ವಸೂಲಿ ಮಾಡ್ತಾರೆ, ಬೇಕಾದಷ್ಟು ನೀರು ಹೊಲಕ್ಕೆ ಬಂತೋ ಇಲ್ಲವೋ ನೋಡೋದಿಲ್ಲ ಅಂತ ದೂರು ಅದರಲ್ಲಿದೆ. ಮಳೆಗೆ ಮಣ್ಣು ಕೊಚ್ಚಿ ಹೋಗದ ಹಾಗೆ ಒಡ್ಡು ಹಾಕಿ, ಕೃಷಿ ಪ್ರದರ್ಶನ ಮಾಡಿ ಒಳ್ಳೆ ಬೆಳೆಗೆ ಬಹುಮಾನ ಕೊಡಿ, ರೈತರ ಮಕ್ಕಳಿಗೆ ಓದು ಕೊಡಿ ಅಂತ ಪರಿಹಾರಗಳೂ ಇವೆ.

ಹಳೇ ಪುಣೆಯ ಮಂಡಿ, ಎಂಟು ಮೂಲೆ ಗೋಪುರದ ಆ ಕಲ್ಲಿನ ಕಟ್ಟಡ, 1886ರಲ್ಲಿ ಶುರುವಾಯ್ತು. ಆಗ ಅದಕ್ಕೆ ಗವರ್ನರ್ ಲಾರ್ಡ್ ರೇ ಹೆಸರು. 1876ರಿಂದ ಕೆಲ ವರ್ಷ ನಗರಸಭೆಯ ಸದಸ್ಯರಾಗಿದ್ದ ಫುಲೆ ಮಾರ್ಕೆಟ್ ಕಟ್ಟಡಕ್ಕೆ ಅಷ್ಟು ದುಡ್ಡು ಹಾಕೋದನ್ನ ವಿರೋಧಿಸಿದ್ರು. ಅದನ್ನ ಶಾಲೆಗೆ ಕೊಡಿ ಅನ್ನೋದು ಅವರ ವಾದ. ಇವತ್ತು ಆ ಕಟ್ಟಡಕ್ಕೇ ಮಹಾತ್ಮ ಫುಲೆ ಮಂಡಿ ಅಂತ ಹೆಸರು! ಸಗಟು ಹೂವಿನ ವ್ಯಾಪಾರ ಈಗ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನಲ್ಲಿ ನಡೆಯುತ್ತೆ.

ನಮ್ಮೂರಲ್ಲಿ ಹೂವು ಮೊಳದ ಲೆಕ್ಕ, ಮಾರಿನ ಲೆಕ್ಕ. ಪುಣೆಯಲ್ಲಿ ಬಿಡಿ ಹೂವು ಪಾವ್ ಕಿಲೋ ಲೆಕ್ಕ. ಚೆಂಡು ಹೂವಿಗೆ ಇಲ್ಲಿ ಝೆಂಡು ಅಂತಾರೆ. ರೈತ ಬುಟ್ಟಿಗಟ್ಟಲೆ ತಂದು ದಲ್ಲಾಳಿ ಮುಂದೆ ಸುರೀತಾನೆ. ತೂಕ, ದರ, ಹಮಾಲಿ, ಕಡಿತ ಎಲ್ಲ ಬರೆದ ಒಂದು ಪಟ್ಟಿ ಕೈಗೆ ಬರುತ್ತೆ. ಮಧ್ಯಾಹ್ನಕ್ಕೆ ಹೂವಿಗೆ ಬೆಲೆ ಇರೋದಿಲ್ಲ, ವಾಪಸ್ ಒಯ್ಯೋಕೂ ಆಗಲ್ಲ. ಜೋಳವಾದ್ರೆ ಚೀಲದಲ್ಲಿ ಇಟ್ಟು ಕಾಯಬಹುದು. ಹೂವಿನವನು ಕಾಯೋ ಹಾಗಿಲ್ಲ, ಕೊಟ್ಟ ದರಕ್ಕೆ ಹೂಂ ಅನ್ನಬೇಕು. ದಸರಾ, ದೀಪಾವಳಿಗೆ ಎಲ್ಲರೂ ಒಟ್ಟಿಗೆ ತಂದಾಗ ರಸ್ತೆ ಬದಿಗೆ ರಾಶಿ ಸುರಿದು ಹೋಗುವ ಸುದ್ದಿ ನೀವೂ ನೋಡಿರ್ತೀರಿ.

ಬೀಜದ ಪೊಟ್ಟಣ ಬಂತು

ಇನ್ನು ಬೀಜದ ವಿಷಯ. ನಮ್ಮ ಹಬ್ಬಕ್ಕೆ ಅಷ್ಟು ಹೊಂದಿಕೊಂಡ ಚೆಂಡು ಹೂವು ಮೂಲದಲ್ಲಿ ಮೆಕ್ಸಿಕೋದ್ದು. ಅಲ್ಲಿ ಇವತ್ತಿಗೂ ಸತ್ತ ಹಿರಿಯರ ಹಬ್ಬಕ್ಕೆ ಅದೇ ಹೂವು. ಸ್ಪೇನ್, ಪೋರ್ಚುಗಲ್‌ನವರ ಹಡಗುಗಳು ಸಮುದ್ರ ದಾಟಿದ ಮೇಲೇ ಅದು ನಮ್ಮ ಕಡೆ ಬಂದದ್ದು. ಆಸ್ಟರ್ ಚೀನಾದ್ದು. 18ನೇ ಶತಮಾನದಲ್ಲಿ ಚೀನಾದಲ್ಲಿದ್ದ ಫ್ರೆಂಚ್ ಪಾದ್ರಿ ದಾಂಕಾರ್ವಿಲ್ ಅದರ ಬೀಜವನ್ನ ಪ್ಯಾರಿಸ್‌ಗೆ ಕಳಿಸಿದ. ಒಂದು ಸುತ್ತು ಎಸಳಿನ ಹೂವನ್ನ ಯುರೋಪಿನ ತೋಟಗಾರರು ಆರಿಸಿ ಆರಿಸಿ ತುಂಬು ಹೂವು ಮಾಡಿದ್ರು. ಬ್ರಿಟಿಷರ ಬಂಗಲೆಗಳ ತೋಟದ ಮೂಲಕ ಇಂಥ ಹೂಗಳು ಭಾರತದ ಊರುಗಳಿಗೆ ಹಬ್ಬಿದವು.

ಪುಣೆಯಲ್ಲಿ ಇದಕ್ಕೆ ಜಾಗ ಸಿದ್ಧವಿತ್ತು. ಔಂಧ್, ಬಾಣೇರ್ ಕಡೆ ಇರೋರು ದಿನಾ ಓಡಾಡುವ ಗಣೇಶಖಿಂಡದಲ್ಲಿ 1873ರಲ್ಲಿ ಸರ್ಕಾರಿ ಸಸ್ಯೋದ್ಯಾನ ಶುರುವಾಯ್ತು. ಅದನ್ನ ನೋಡಿಕೊಂಡ ವುಡ್ರೋ ಅನ್ನೋರು ಭಾರತದ ತೋಟಗಾರಿಕೆ ಬಗ್ಗೆ ಪುಸ್ತಕ ಬರೆದ್ರು. 1884ರಲ್ಲಿ ಪಾರ್ಸಿಗಳ ಪೆಸ್ತನ್‌ಜಿ ಪೋಚಾ ಬೀಜದ ಕಂಪನಿ ಇದೇ ಊರಲ್ಲಿ ಶುರುವಾಯ್ತು. ಮನೆ ಮುಂದೆ ತೋಟ ಮಾಡೋರಿಗೆ ಪೋಚಾ ಬೀಜ ಅನ್ನೋದು ಗೊತ್ತಿದ್ದ ಹೆಸರು. ಅಲ್ಲಿವರೆಗೆ ಬೀಜ ಅಂದ್ರೆ ಒಣಗಿದ ಹೂವಿನಿಂದ ಉದುರಿಸಿ ಗಂಟು ಕಟ್ಟಿ ಇಟ್ಟದ್ದು, ಇಲ್ಲಾ ಪಕ್ಕದ ಮನೆಯಿಂದ ಕೇಳಿ ತಂದದ್ದು. ಈಗ ಬೀಜಕ್ಕೂ ಹೆಸರು, ಬೆಲೆ, ಪೊಟ್ಟಣ ಬಂತು.

ಇದರಲ್ಲಿ ನಮ್ಮವರ ಪಾಲೂ ಇದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. 1947ರಲ್ಲಿ ಧಾರವಾಡಕ್ಕೆ ಕೃಷಿ ಕಾಲೇಜು ಬರೋವರೆಗೆ ಆ ಭಾಗದ ಹುಡುಗರಿಗೆ ತಮ್ಮ ಪ್ರಾಂತ್ಯದ ಕೃಷಿ ಕಾಲೇಜು ಅಂದ್ರೆ ಪುಣೆಯದ್ದೇ. ಹಿಂಜವಡಿಗಿಂತ ಎಷ್ಟೋ ಮೊದಲೇ ಕನ್ನಡದ ಹುಡುಗರು ಶಿವಾಜಿನಗರಕ್ಕೆ ಓದೋಕೆ ಬರ್ತಿದ್ರು.

ಫುಲೆ ಗಣೇಶ್, ಅರ್ಕಾ ಕಾಮಿನಿ

1968ರಲ್ಲಿ ರಾಹುರಿಯಲ್ಲಿ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠ ಶುರುವಾಯ್ತು. ಅದರ ತಳಿಗಳ ಹೆಸರು ಫುಲೆ ಅಂತಲೇ ಶುರುವಾಗುತ್ತೆ. ಗಣೇಶಖಿಂಡದ ಅದರ ಸಂಶೋಧನಾ ಕೇಂದ್ರದಿಂದ ಬಂದ ಆಸ್ಟರ್ ತಳಿಗಳು ಫುಲೆ ಗಣೇಶ್ ವೈಟ್, ಪಿಂಕ್, ವಯಲೆಟ್, ಪರ್ಪಲ್. ಫುಲೆ ಅಂದ್ರೆ ಆ ಮಹಾತ್ಮ, ಗಣೇಶ್ ಅಂದ್ರೆ ಗಣೇಶಖಿಂಡ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆ ತನ್ನ ತಳಿಗಳಿಗೆ ಅರ್ಕಾವತಿ ನದಿಯಿಂದ ಅರ್ಕಾ ಅಂತ ಹೆಸರಿಟ್ಟ ಹಾಗೇ ಇದು. ಅವರ ಆಸ್ಟರ್‌ಗಳು ಅರ್ಕಾ ಕಾಮಿನಿ, ಅರ್ಕಾ ಪೂರ್ಣಿಮಾ, ಅರ್ಕಾ ಶಶಾಂಕ್.

ಆಸ್ಟರ್ ಬೀಜದಿಂದಲೇ ಬೆಳೆಯೋ ಬೆಳೆ. ಸಸಿಮಡಿಯಲ್ಲಿ ಬೀಜ ಚೆಲ್ಲಿ, ತೆಳ್ಳಗೆ ಗೊಬ್ಬರದ ಪುಡಿ ಮುಚ್ಚಿ, ಮೂರು ನಾಲ್ಕು ವಾರಕ್ಕೆ ಕಿತ್ತು ಗೇಣು ಅಂತರದಲ್ಲಿ ನಾಟಿ. ಆಮೇಲೆ ಎರಡು ಮೂರು ತಿಂಗಳಿಗೆ ಹೂವು. ಬಿಡಿ ಹೂವಾಗಿಯೂ ಕೊಡಬಹುದು, ಕಡ್ಡಿ ಸಮೇತ ಕೊಯ್ದು ಕಟ್ಟು ಕಟ್ಟಿಯೂ ಕೊಡಬಹುದು. ದಸರಾಕ್ಕೆ ಹೂವು ಬೇಕು ಅಂದ್ರೆ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ ಮಳೆಗಾಲದಲ್ಲೇ ಬೀಜ ಹಾಕಬೇಕು. ರಿಲೀಸ್ ಡೇಟ್‌ನಿಂದ ಹಿಂದಕ್ಕೆ ಪ್ಲಾನ್ ಮಾಡೋ ನಮಗೆ ಇದು ಅರ್ಥವಾಗೋ ಲೆಕ್ಕ. ವ್ಯತ್ಯಾಸ ಇಷ್ಟೇ, ಹಬ್ಬ ಒಂದು ದಿನವೂ ಮುಂದಕ್ಕೆ ಹೋಗೋದಿಲ್ಲ.

ಈ ಹೂವಿನಲ್ಲಿ ಪರಾಗಸ್ಪರ್ಶ ಹೆಚ್ಚಾಗಿ ತನ್ನಲ್ಲೇ ಆಗುತ್ತೆ. ಆದ್ದರಿಂದ ಇಟ್ಟ ಬೀಜ ಬಹುಪಾಲು ತಾಯಿಯಂತೆಯೇ ಬರುತ್ತೆ. ಚೆನ್ನಾಗಿರೋ ಗಿಡಗಳನ್ನ ಕೊಯ್ಯದೆ ಬಿಟ್ಟು, ಒಣಗಿಸಿ, ಮುಂದಿನ ಹಂಗಾಮಿಗೆ ಇಟ್ಟುಕೊಳ್ಳಬಹುದು. ಬಹಳ ದಿನ ಇಟ್ಟರೆ ಮೊಳಕೆ ಶಕ್ತಿ ಹೋಗುತ್ತೆ, ಹಾಗಾಗಿ ವರ್ಷ ವರ್ಷ ಬಿತ್ತಿ ವರ್ಷ ವರ್ಷ ಹೊಸ ಬೀಜ ತೆಗೆಯಬೇಕು.

ಹೈಬ್ರಿಡ್ ಚೆಂಡು ಹೂವಿನ ಲೆಕ್ಕ ಬೇರೆ. ಎರಡು ಬೇರೆ ಬೇರೆ ತಾಯಿ ತಂದೆ ಸಾಲುಗಳನ್ನ ಕೂಡಿಸಿ ಮಾಡಿದ ಬೀಜ. ಹೂವು ದೊಡ್ಡದು, ಎಲ್ಲ ಒಂದೇ ಸಮ, ದೂರದ ಊರಿಗೆ ಹೋದ್ರೂ ನಜ್ಜುಗುಜ್ಜಾಗಲ್ಲ. ಆದ್ರೆ ಅದರ ಬೀಜ ಇಟ್ಟು ಬಿತ್ತಿದರೆ ಮುಂದಿನ ಪೀಳಿಗೆ ಚೆದುರಿ ಹೋಗುತ್ತೆ. ಪ್ರತಿ ಸಲ ಅಂಗಡಿಗೇ ಹೋಗಬೇಕು. ಇದನ್ನ ಬರೀ ಕಂಪನಿಗಳ ಮೋಸ ಅನ್ನೋದು ಸರಿಯಲ್ಲ. 1965ರಲ್ಲಿ ಬೆಂಗಳೂರಲ್ಲಿ ಮನಮೋಹನ್ ಅತ್ತಾವರ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರು ಮಾಡಿದಾಗ ಹೈಬ್ರಿಡ್ ಹೂವಿನ ಬೀಜ ಇಲ್ಲಿಂದ ಹೊರದೇಶಕ್ಕೆ ಹೋಯ್ತು. ಒಂದೊಂದೇ ಹೂವಿಗೆ ಕೈಯಿಂದ ಪರಾಗ ಹಚ್ಚೋ ಕೆಲಸ ಅದು. ಇವತ್ತು ರಾಣೆಬೆನ್ನೂರು ಸುತ್ತ ಹೈಬ್ರಿಡ್ ಬೀಜೋತ್ಪಾದನೆ ಎಷ್ಟೋ ಮನೆಗಳ ಅನ್ನ. ಅಂದ್ರೆ ಅದೇ ಬೀಜ ಒಬ್ಬ ರೈತನಿಗೆ ಖರ್ಚು, ಇನ್ನೊಬ್ಬನಿಗೆ ಆದಾಯ.

ಇಲ್ಲೂ ಕಾಗದ ಬರುತ್ತೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತ ತನ್ನ ಹೊಲದ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ರಕ್ಷಿತ ತಳಿಯನ್ನ ಬ್ರ್ಯಾಂಡ್ ಹೆಸರಲ್ಲಿ ಮಾರೋ ಹಾಗಿಲ್ಲ ಅಷ್ಟೇ. ತಾನು ಕಾಪಾಡಿದ ತಳಿಯನ್ನ ತನ್ನ ಹೆಸರಲ್ಲಿ ನೋಂದಣಿಯೂ ಮಾಡಿಸಬಹುದು. ರಾಣೋಜಿಯ ತಮ್ಮಂದಿರಿಗೆ ಇಂಥ ಒಂದು ಸಾಲು ಬರಹ ಸಿಕ್ಕಿದ್ದರೆ ಅಂತ ನನಗೆ ಅನ್ನಿಸುತ್ತೆ.

ಮಾಂಜರಿಯಿಂದ ಖಾನವಡಿಗೆ

ದೇಶದ ಪುಷ್ಪ ಸಂಶೋಧನಾ ನಿರ್ದೇಶನಾಲಯ ಕಳೆದ ದಶಕದಲ್ಲಿ ದೆಹಲಿಯಿಂದ ಪುಣೆಗೆ ಬಂತು. ಈಗ ಅದು ಮುಂಢವಾ–ಮಾಂಜರಿ ರಸ್ತೆಯಲ್ಲಿದೆ, ಅಂದ್ರೆ ಫುಲೆ ಹೊಲ ಮಾಡಿದ ಊರಿನ ದಾರಿಯಲ್ಲೇ. ಅಲ್ಲಿಂದ ಹತ್ತಿರದಲ್ಲೇ ಮಗರಪಟ್ಟಾ. ನಮ್ಮಲ್ಲಿ ಎಷ್ಟೋ ಜನ ಕೆಲಸ ಮಾಡೋ ಆ 400 ಎಕರೆ, 120ರಷ್ಟು ರೈತ ಕುಟುಂಬಗಳ ಭೂಮಿ. 2000ದ ಸುಮಾರಿಗೆ ಅವರು ಬಿಲ್ಡರ್‌ಗೆ ಮಾರಲಿಲ್ಲ. ತಾವೇ ಕಂಪನಿ ಮಾಡಿ, ಯಾರ ಭೂಮಿ ಎಷ್ಟೋ ಅಷ್ಟು ಷೇರು ಇಟ್ಟುಕೊಂಡರು. ಹೊಲ ಹೋಯ್ತು, ಹೆಸರು ಮಾತ್ರ ಕಾಗದದಲ್ಲಿ ಉಳೀತು.

ಈಗ ಖಾನವಡಿ. ಪುರಂದರ ತಾಲೂಕು ಇವತ್ತಿಗೂ ಪುಣೆ ಮಾರುಕಟ್ಟೆಗೆ ಹೂವು, ಅಂಜೂರ, ಸೀತಾಫಲ ಕಳಿಸೋ ತಾಲೂಕು. ಹೊಸ ವಿಮಾನ ನಿಲ್ದಾಣಕ್ಕೆಂದು ಗುರುತಿಸಿದ ಏಳು ಹಳ್ಳಿಗಳು ಪಾರಗಾವ್, ವನಪುರಿ, ಕುಂಭಾರವಳಣ, ಉದಾಚಿವಾಡಿ, ಏಖತಪುರ, ಮುಂಜವಾಡಿ ಮತ್ತು ಖಾನವಡಿ. ಅಲ್ಲಿನ ಎಷ್ಟೋ ರೈತರು ಇದನ್ನ ವಿರೋಧಿಸಿದ್ದಾರೆ. ಲೋಹಗಾವ್‌ನ ಇಕ್ಕಟ್ಟಿನಲ್ಲಿ ಬೆಂಗಳೂರು ಫ್ಲೈಟ್‌ಗೆ ಕಾಯೋ ನಾವು ಹೊಸ ನಿಲ್ದಾಣ ಬೇಗ ಆಗ್ಲಿ ಅಂತೀವಿ. ಆ ಆಸೆ ತಪ್ಪು ಅಂತ ನಾನು ಹೇಳೋದಿಲ್ಲ, ನನಗೂ ಇದೆ. ಆದ್ರೆ ಆ ಹೊಲಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೂರು ವರ್ಷ ಹಳೆಯದು. ಬೆಳೆದವರೆಲ್ಲರ ಹೆಸರೂ ಕಾಗದದಲ್ಲಿ ಇದೆಯಾ? ಅಣ್ಣನದ್ದಷ್ಟೇ ಅಲ್ಲ, ತಮ್ಮನದ್ದು, ಹೆಂಡತಿಯದ್ದು, ಗೇಣಿ ಮಾಡೋನದ್ದು?

ಈ ದಸರಾಕ್ಕೆ ಸೊಸೈಟಿ ಗೇಟಿನಲ್ಲಿ ಪಾವ್ ಕಿಲೋ ಝೆಂಡು ಕೊಳ್ಳುವಾಗ ಚೌಕಾಸಿ ಸ್ವಲ್ಪ ಕಡಿಮೆ ಮಾಡಿ. ಪುರಂದರದ ಕಡೆ ಹೋದ್ರೆ ಖಾನವಡಿಗೂ ಒಂದು ಸಲ ಹೋಗಿ ಬನ್ನಿ.