ಹಳೆಯ ನಕಾಶೆಯಲ್ಲಿ ಮನೆತನದ ಮೂಲ

ಬೀದರ ಸೀಮೆಯ ಭೂಮಾಪನದ ಚರಿತ್ರೆ ದೀರ್ಘವಾದುದು. ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರದ ಸಮೀಪ ಅಳೆದ ಆಧಾರರೇಖೆಯನ್ನು ಆಂಡ್ರ್ಯೂ ವಾ 1841ರಲ್ಲಿ ಮರಳಿ ಅಳೆದರು. ಮುಂದೆ ಭಾರತೀಯ ಸರ್ವೇಕ್ಷಣ ಇಲಾಖೆಯು ಮೈಲಿಗೆ ಒಂದು ಅಂಗುಲದ ನಕಾಶೆಗಳನ್ನು ರೂಪಿಸಿತು. ಅದರ ಕ್ರಮದಲ್ಲಿ ಬೀದರ ನಗರವೂ ಪಾರ್ಶ್ವನಾಥ ಬಸದಿಯ ಕಮಠಾಣವೂ 56 ಜಿ ಶ್ರೇಣಿಗೆ, ಭಾಲ್ಕಿ ಮತ್ತು ಔರಾದಗಳು 56 ಎಫ್ ಶ್ರೇಣಿಗೆ ಸೇರುತ್ತವೆ. ಊರು, ಹಳ್ಳ, ಬಾವಿ, ಗಾಡಿದಾರಿ, ದೇವಾಲಯಗಳಿಗೆ ಇಂತಹ ಹಾಳೆಗಳಲ್ಲಿ ಗುರುತುಂಟು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ ಹಂಚಿಹೋಯಿತು. ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೂ, ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ಹೆಣ್ಣು ಕೊಟ್ಟು ತಂದ ಊರುಗಳ ನಡುವೆ ಗಡಿ ಬಂದಿತು. ಮುಂದೆ ಕಾರಂಜಾ ಜಲಾಶಯವು ಹಲವು ಗ್ರಾಮಗಳ ಭೂಮಿಯನ್ನು ಮುಳುಗಿಸಿತು. ಅದಕ್ಕೂ ಹಿಂದಿನ ನಕಾಶೆಯಲ್ಲಾದರೋ ದಾರಿ ತುಂಡಾಗಿಲ್ಲ, ನೆಲ ಮುಳುಗಿಲ್ಲ.

ಊರ ಹೆಸರನ್ನೇ ಅಡ್ಡಹೆಸರಾಗಿ ಪಡೆದ ಮನೆತನಗಳು ಅದರಲ್ಲಿ ಮೂಲಗ್ರಾಮವನ್ನು ಅರಸಬಹುದು. ಆದರೆ ಒಂದೇ ಹೆಸರಿನ ಊರುಗಳು ಅನೇಕ. ನಕಾಶೆ ಸ್ಥಳವನ್ನು ತೋರಿಸೀತೇ ಹೊರತು ವಂಶವನ್ನು ಹೇಳದು. ಪ್ರತಿಮೆಗಳ ಪೀಠಲೇಖ, ಜಮೀನಿನ ಕಾಗದಪತ್ರ, ಹಿರಿಯರ ನೆನಪು ಇವುಗಳೊಡನೆ ಅದನ್ನು ಹೋಲಿಸಬೇಕು. ಲೇಖಗಳೂ ಪತ್ರಗಳೂ ಕಾದಾವು. ಹಿರಿಯರ ನೆನಪು ಕಾಯದು. ಆದುದರಿಂದ ನಕಾಶೆಯನ್ನು ಮೊದಲು ಅವರ ಮುಂದೆ ಬಿಚ್ಚುವುದೇ ಉಚಿತ.