ಹಿಂದಿನ ಸೀಟಿನವರ ಬ್ರೇಕು

ಮೋಟಾರುಸೈಕಲ್ಲಿನ ಬ್ರೇಕು ಗಂಡಸರ ವಿಷಯ ಎಂಬ ತಿಳಿವಳಿಕೆ ನಮ್ಮಲ್ಲಿದೆ. ಸೆರಗು ಚಕ್ರಕ್ಕೆ ಸಿಕ್ಕದಂತೆ ಸುತ್ತಿಕೊಂಡು, ಒಂದು ಕೈಯಲ್ಲಿ ಸಂತೆಯ ಚೀಲ, ಇನ್ನೊಂದರಲ್ಲಿ ಮಗುವನ್ನು ಹಿಡಿದು ಹಿಂದೆ ಕೂರುವುದಷ್ಟೇ ನಮ್ಮ ಪಾಲು. ಚರಿತ್ರೆ ಹೇಳುವುದು ಬೇರೆಯೇ. ಮೋಟಾರುಗಾಡಿಯ ಬ್ರೇಕಿಗೆ ಮೊದಲು ಪಟ್ಟಿ ಹೊಡೆಸಿದವಳು ಒಬ್ಬ ಹೆಂಗಸು.

1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್ ಬೆಂಜ್ ತಯಾರಿಸಿದ್ದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಮುಂಚಿತವಾಗಿ ಹೇಳದೆ, ಮ್ಯಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಳಿಜಾರಿನಲ್ಲಿ ಬ್ರೇಕಿನ ದಿಮ್ಮಿ ಸವೆಯತೊಡಗಿತು. ಅವಳು ದಾರಿಯಲ್ಲಿ ಸಿಕ್ಕ ಚಪ್ಪಲಿ ಹೊಲಿಯುವವನಿಂದ ಅದಕ್ಕೆ ಚರ್ಮ ಹೊಡೆಸಿ ಮುಂದೆ ಸಾಗಿದಳು. ಕಾಲು ಉಳಿಯಲು ಚಪ್ಪಲಿಯ ಅಟ್ಟೆ ಸವೆಯುವ ಹಾಗೆ, ಚಕ್ರದ ಬಳಿ ಬೇರೇನೋ ಸವೆಯಬೇಕು. ಇಂದಿನ ಬ್ರೇಕ್ ಪ್ಯಾಡಿನ ಕೆಲಸವೂ ಅದೇ.

ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಹಿಡಿದು ನಿಲ್ಲಿಸುವ ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದ. ತಾಮ್ರದ ಪಟ್ಟಿ ತಟ್ಟೆಗೆ ಉಜ್ಜಿ ಕಿವಿ ಕೊರೆಯುವಂತೆ ಕಿರುಚುತ್ತಿತ್ತಂತೆ. ಮುಂದೆ ಪಟ್ಟಿಗಳಿಗೆ ಆಸ್ಬೆಸ್ಟಾಸ್ ಬಂತು. ಅದು ಬಿಸಿ ತಾಳಿತು, ಆದರೆ ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಮಾರಕ ಎಂಬುದು ಲೋಕಕ್ಕೆ ಮನವರಿಕೆಯಾಗಲು ದಶಕಗಳೇ ಹಿಡಿದವು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಈ ಬ್ರೇಕಿನ ಹೆಸರು ಬೆಳೆಯಿತು. 1969ರಲ್ಲಿ ಜಪಾನಿನ ಹೋಂಡಾ ಸಿಬಿ 750 ಅದನ್ನು ಮೋಟಾರುಸೈಕಲ್ಲಿನ ಮುಂಚಕ್ರಕ್ಕೆ ತಂದಿತು.

ನಮ್ಮ ನಾಡಿಗೆ ಅದು ತಡವಾಗಿ ಬಂತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ತನಕ ತಯಾರಿಸಿದ ಜಾವಾ, ಯೆಜ್ಡಿಗಳಲ್ಲಿ ಇದ್ದದ್ದು ಡ್ರಮ್ ಬ್ರೇಕು. 1999ರ ಹೀರೋ ಹೋಂಡಾ ಸಿಬಿಜೆಡ್ ಮುಂಚಕ್ರದ ಡಿಸ್ಕಿನೊಡನೆ ಬಂತು. ಆಮೇಲೆ ಡಿಸ್ಕು ನಮ್ಮ ಪೇಟೆಗಳಲ್ಲೂ ಸಾಮಾನ್ಯವಾಯಿತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ, ಚಕ್ರ ಬಿಗಿದುಹೋಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ.

ನಮ್ಮ ಭಟ್ಕಳ, ಹೊನ್ನಾವರ, ಕುಮಟೆಯವರಿಗೆ ಡಿಸ್ಕಿನ ಉಪಯೋಗವನ್ನು ವಿವರಿಸಬೇಕಾಗಿಲ್ಲ. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ. ಡ್ರಮ್ಮಿನೊಳಗೆ ನೀರು ಹೊಕ್ಕರೆ ಬೇಗ ಹೊರಹೋಗದು. ಬಯಲಲ್ಲಿರುವ ಡಿಸ್ಕು ತಿರುಗುತ್ತಲೇ ನೀರನ್ನು ಎರಚುತ್ತದೆ. ಗೇರುಸೊಪ್ಪೆಯ ಘಟ್ಟ ಇಳಿಯುವಾಗ ಬಿಸಿಯನ್ನೂ ಗಾಳಿಗೆ ಬಿಡುತ್ತದೆ.

ಬೆಳಕೆಯ ನಮ್ಮ ಮನೆಯ ಬೈಕಿಗೆ ಪ್ಯಾಡು ಬದಲಿಸುವ ಕಾಲ ಬಂದಾಗ, ಅಗ್ಗದ್ದೇ ಸಾಕೆಂದು ಮಗನ ವಾದ. ಆ ಬೈಕಿನಲ್ಲಿ ದಿನಾ ಹೆದ್ದಾರಿ ದಾಟಿ ಶಾಲೆಗೆ ಹೋಗುವವಳು ನನ್ನ ಮೊಮ್ಮಗಳು. ನಾನೂ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಡಿಸ್ಕಿನ ದಪ್ಪ ಅಳೆದು ತೋರಿಸಿ, "ಅಕ್ಕೋರೇ, ಇದು ಕನಿಷ್ಠಕ್ಕಿಂತ ತೆಳುವಾಗಿದೆ. ಬರೀ ಪ್ಯಾಡ್ ಹಾಕಿ ಕೊಟ್ರೆ ನನಗೆ ನಿದ್ದೆ ಬರೂದಿಲ್ಲ" ಅಂದ. ಮಗ ಮರುಮಾತಾಡಲಿಲ್ಲ. ಎರಡನ್ನೂ ಬದಲಿಸಿದೆವು.

ಅವನಿಂದ ಕಲಿತದ್ದನ್ನು ಹೇಳುತ್ತೇನೆ. ಇರಬೇಕಾದ ಕನಿಷ್ಠ ದಪ್ಪ ಎಷ್ಟು ಮಿಲಿಮೀಟರ್ ಎಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೆತ್ತಿರುತ್ತದೆ. ಅದಕ್ಕಿಂತ ಸವೆದಿದ್ದರೆ, ಡೊಂಕಾಗಿದ್ದರೆ, ಆಳದ ಗೀರು ಬಿದ್ದಿದ್ದರೆ ಬದಲಿಸಲೇಬೇಕು. ಹೊಸ ಡಿಸ್ಕಿಗೆ ಹಳೆಯ ಪ್ಯಾಡು ಸಲ್ಲದು. ಪ್ಯಾಡಿನ ಗುರುತಿನ ಗೀರು ಅಳಿಸುವ ಮೊದಲೇ ಅದನ್ನು ಬದಲಿಸಬೇಕು. ಬಿಡಿಭಾಗ ನಮ್ಮ ಬೈಕಿನ ಮಾದರಿಗೇ ಸೇರಿದ್ದೇ ಎಂದು ಭಾಗದ ಸಂಖ್ಯೆ ನೋಡಿ ಕೊಳ್ಳಬೇಕು. ನಕಲಿ ಮಾಲಿಗೆ ಮುದ್ರೆ ಒತ್ತುವುದು ಕಷ್ಟವೇನಲ್ಲ, ಆದ್ದರಿಂದ ನಂಬಿಕೆಯ ಅಂಗಡಿಯ ರಸೀದಿ ಇರಲಿ. ಪೊಟ್ಟಣದ ಮೇಲೆ ಆಸ್ಬೆಸ್ಟಾಸ್ ಇಲ್ಲವೆಂದು ಬರೆದದ್ದನ್ನೇ ಆರಿಸಿ. ಹಳೆಯ ಧೂಳನ್ನು ಬಾಯಿಂದ ಊದಲು ಬಿಡಬೇಡಿ. ನಮ್ಮ ಕಡಲ ಉಪ್ಪುಗಾಳಿಗೆ ಕ್ಯಾಲಿಪರಿನ ಪಿನ್ನು ಬಿಗಿದರೆ ಒಂದು ಬದಿಯ ಪ್ಯಾಡು ಬೇಗ ಸವೆಯುತ್ತದೆ, ಅದನ್ನೂ ತೆಗೆದು ಶುದ್ಧ ಮಾಡಿಸಿ. ಹೊಸತು ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಹದವಾಗಿ ಬ್ರೇಕು ಹಿಡಿದರೆ ತಟ್ಟೆಗೂ ಪ್ಯಾಡಿಗೂ ಹೊಂದಾಣಿಕೆಯಾಗುತ್ತದೆ. ಪ್ಯಾಡಿಗೆ ಎಣ್ಣೆ ತಾಗಿದರೆ ಅದು ಹಾಳು.

ಬರ್ತಾ ಬೆಂಜ್ ದಾರಿಯಲ್ಲಿ ನಿಂತು, ಇರುವ ಬ್ರೇಕು ಸಾಲದು ಎಂದು ಹೇಳಿದಳು. ಹಿಂದೆ ಕೂತು ಜೀವ ಒಪ್ಪಿಸಿ ಹೋಗುವ ನಮಗೂ ಅಷ್ಟು ಹೇಳುವ ಅಧಿಕಾರವಿದೆ. ಗಂಡನೋ ಮಗನೋ ಹೊರಟಾಗ "ನಿಧಾನ ಹೋಗಿ" ಅನ್ನುವುದು ನಮ್ಮ ರೂಢಿ. ಅದರ ಜೊತೆಗೆ "ಪ್ಯಾಡು ನೋಡಿಸಿ ಎಷ್ಟು ದಿನವಾಯಿತು?" ಎಂದೂ ಕೇಳುವ ರೂಢಿ ಮಾಡಿಕೊಳ್ಳೋಣ.