ಲಿನಕ್ಸ್ ಕರ್ನೆಲ್‌ನಲ್ಲಿ ಸಾಧನ ವರ್ಗಗಳು: ಒಂದು ಚಾರಿತ್ರಿಕ ಅಧ್ಯಯನ

ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನಲ್ಲಾಗಲಿ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಬೇರೆ ಕಾಲೇಜುಗಳಲ್ಲಾಗಲಿ ಆಪರೇಟಿಂಗ್ ಸಿಸ್ಟಮ್ ಓದುವ ವಿದ್ಯಾರ್ಥಿಗಳಿಗೆ ಸಾಧನಗಳ ಪರಿಚಯವಾಗುವುದು ಸಾಮಾನ್ಯವಾಗಿ ಬ್ಲಾಕ್, ಕ್ಯಾರೆಕ್ಟರ್, ನೆಟ್‌ವರ್ಕ್ ಎಂಬ ಮೂರು ಹೆಸರುಗಳಿಂದ. ಆದರೆ ಲಿನಕ್ಸ್ ಇರುವ ಯಾವುದೇ ಯಂತ್ರದಲ್ಲಿ /ಸಿಸ್/ಕ್ಲಾಸ್ ಎಂಬ ಕಡತಕೋಶ ತೆರೆದು ನೋಡಿದರೆ ಹತ್ತಾರು ಹೆಸರುಗಳಿವೆ: ಇನ್‌ಪುಟ್, ನೆಟ್, ಟಿಟಿವೈ, ಸೌಂಡ್, ಲೆಡ್ಸ್, ಥರ್ಮಲ್, ಪವರ್ ಸಪ್ಲೈ. ಮೂರು ಬೆಳೆದು ಹತ್ತಾರಾದವು ಎಂದುಕೊಳ್ಳುವುದು ಸುಲಭ. ಚರಿತ್ರೆ ಹಾಗೆ ಹೇಳುವುದಿಲ್ಲ. ಮೊದಲನೆಯದು ದತ್ತಾಂಶ ಯಾವ ರೀತಿಯಲ್ಲಿ ಸಾಗುತ್ತದೆ ಎಂಬುದರ ವಿಂಗಡಣೆ. ಎರಡನೆಯದು ಸಾಧನ ಯಾವ ಕೆಲಸಕ್ಕೆ ಬರುತ್ತದೆ ಎಂಬುದರದು. ಇವೆರಡರ ಹುಟ್ಟಿನ ನಡುವೆ ಸುಮಾರು ಮೂವತ್ತು ವರ್ಷಗಳ ಅಂತರವಿದೆ.

ಯೂನಿಕ್ಸ್‌ನಲ್ಲಿ ಸಾಧನವನ್ನು ಕಡತದಂತೆ ತೆರೆಯುವ ಪದ್ಧತಿ 1971ರ ಮೊದಲ ಆವೃತ್ತಿಯ ಕೈಪಿಡಿಯಲ್ಲೇ ಇದೆ. 1975ರ ಆರನೇ ಆವೃತ್ತಿಯಲ್ಲಿ ಕರ್ನೆಲ್‌ನೊಳಗೆ ಎರಡು ಕೋಷ್ಟಕಗಳಿದ್ದವು. ಒಂದು ಬ್ಲಾಕ್ ಸಾಧನಗಳಿಗೆ, ಇನ್ನೊಂದು ಕ್ಯಾರೆಕ್ಟರ್ ಸಾಧನಗಳಿಗೆ. ಕೋಷ್ಟಕದ ಒಂದೊಂದು ಸಾಲಿನಲ್ಲೂ ತೆರೆಯುವುದು, ಮುಚ್ಚುವುದು ಮುಂತಾದ ಕಾರ್ಯಗಳ ವಿಳಾಸ. ಸಾಲಿನ ಕ್ರಮಾಂಕವೇ ಮೇಜರ್ ಸಂಖ್ಯೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಗಿನ ಆರ್‌ಕೆ ಡಿಸ್ಕ್ ಎರಡೂ ಕೋಷ್ಟಕಗಳಲ್ಲಿ ಇತ್ತು. ಬಫರ್ ಮೂಲಕ ಓದಿದರೆ ಬ್ಲಾಕ್, ನೇರವಾಗಿ ಓದಿದರೆ ಕ್ಯಾರೆಕ್ಟರ್. ಒಂದೇ ಡಿಸ್ಕ್ ಎರಡು ಕಡೆ ಸಲ್ಲುವುದಾದರೆ ಆ ವಿಭಾಗ ಸಾಧನಗಳದ್ದಲ್ಲ, ಅವುಗಳೊಡನೆ ವ್ಯವಹರಿಸುವ ಬಗೆಯದ್ದು. ಇದನ್ನು ಸಾಧನಗಳ ಜಾತಿಯೆಂಬಂತೆ ಕಲಿಸುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್ ಈ ಸಂಖ್ಯಾ ಪದ್ಧತಿಯನ್ನು ಹಾಗೆಯೇ ತೆಗೆದುಕೊಂಡಿತು. ಮೇಜರ್‌ಗೆ 8 ಬಿಟ್, ಒಂದೇ ಮೇಜರ್‌ನಡಿಯ ಸಾಧನಗಳನ್ನು ಬೇರ್ಪಡಿಸುವ ಮೈನರ್‌ಗೆ 8 ಬಿಟ್. ಸ್ಕಸಿ ಡಿಸ್ಕ್‌ಗಳಿಗೆ ಸಿಕ್ಕ ಮೇಜರ್ 8. ಡಿಸ್ಕ್ ಒಂದಕ್ಕೆ 16 ಮೈನರ್‌ಗಳಂತೆ ಹಂಚಿದರೆ 16 ಡಿಸ್ಕ್‌ಗಳಿಗೇ ಮುಗಿಯಿತು. ಹದಿನೇಳನೆಯದಕ್ಕೆ ಬೇರೆ ಮೇಜರ್ ಸಂಖ್ಯೆ ಬೇಕು. ಹಂಚಿಕೆಯ ಪಟ್ಟಿಯನ್ನು ಎಚ್. ಪೀಟರ್ ಆನ್ವಿನ್ ನೋಡಿಕೊಳ್ಳುತ್ತಿದ್ದರು. 2001ರಲ್ಲಿ ಹೊಸ ಸಂಖ್ಯೆಗಳ ಹಂಚಿಕೆಗೆ ಟೊರ್ವಾಲ್ಡ್ಸ್ ತಡೆ ಹಾಕಿದರು. ನೆಟ್‌ವರ್ಕ್ ಕಾರ್ಡುಗಳಂತೂ ಈ ಪಟ್ಟಿಗೇ ಸೇರಿರಲಿಲ್ಲ. ಅವಕ್ಕೆ ಸಾಧನ ಕಡತಗಳ ಕೋಶವಾದ /ಡೆವ್‌ನಲ್ಲಿ ಕಡತವೇ ಇಲ್ಲ, ಇಂದಿಗೂ ಇಲ್ಲ.

ಬದಲಾವಣೆ ಬಂದದ್ದು ಮಾತ್ರ ಈ ಇಕ್ಕಟ್ಟಿನಿಂದಲ್ಲ, ವಿದ್ಯುತ್ ಉಳಿತಾಯದ ಅಗತ್ಯದಿಂದ. ಲ್ಯಾಪ್‌ಟಾಪನ್ನು ನಿದ್ರಾಸ್ಥಿತಿಗೆ ಕಳಿಸುವಾಗ ಯುಎಸ್‌ಬಿ ಡಿಸ್ಕ್ ಮೊದಲು ನಿಲ್ಲಬೇಕು, ಅದು ಸಿಕ್ಕಿಕೊಂಡಿರುವ ಹಬ್ ಆಮೇಲೆ, ಕಂಟ್ರೋಲರ್ ಕೊನೆಗೆ. ಯಾವುದು ಯಾವುದಕ್ಕೆ ಜೋಡಿಕೊಂಡಿದೆ ಎಂಬ ಪೂರ್ಣ ಚಿತ್ರ ಕರ್ನೆಲ್‌ನ ಬಳಿ ಇರಲೇ ಇಲ್ಲ. ಪ್ಯಾಟ್ರಿಕ್ ಮೋಶೆಲ್ 2.5 ಸರಣಿಯಲ್ಲಿ ಆ ಸಾಧನವೃಕ್ಷವನ್ನು ಕಟ್ಟಿದರು. ಅದನ್ನು ಕಣ್ಣಿಗೆ ಕಾಣಿಸುವ ಡ್ರೈವರ್‌ಎಫ್‌ಎಸ್ ಮುಂದೆ ಸಿಸ್‌ಎಫ್‌ಎಸ್ ಆಯಿತು. ಗ್ರೆಗ್ ಕ್ರೋ-ಹಾರ್ಟ್‌ಮನ್ ಈ ಕೆಲಸವನ್ನು ಮುಂದುವರಿಸಿದರು. 2003ರ ಡಿಸೆಂಬರಿನಲ್ಲಿ 2.6 ಆವೃತ್ತಿ ಬಿಡುಗಡೆಯಾದಾಗ /ಸಿಸ್/ಕ್ಲಾಸ್‌ನ ವರ್ಗಗಳು ಅದರ ಭಾಗವಾಗಿದ್ದವು. ಸಂಖ್ಯೆಗಳ ಇಕ್ಕಟ್ಟೂ ಅದೇ ಆವೃತ್ತಿಯಲ್ಲಿ ಸಡಿಲವಾಯಿತು: ಮೇಜರ್‌ಗೆ 12 ಬಿಟ್, ಮೈನರ್‌ಗೆ 20.

ವೃಕ್ಷವಿದ್ದ ಮೇಲೆ ವರ್ಗ ಯಾಕೆ ಬೇಕಾಯಿತು? ದಾಂಡೇಲಿಯ ಸರ್ಕಾರಿ ನಾಟಾ ಡಿಪೋ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ದಿಮ್ಮಿ ಯಾವ ಕಾಡಿನಿಂದ ಬಂತು ಎಂಬುದು ದಾಖಲೆಯಲ್ಲಿ ಇರಲೇಬೇಕು; ಆದರೆ ಹರಾಜಿಗೆ ಬಂದವರು ಕೇಳುವುದು ಸಾಗವಾನಿಯೋ ಮತ್ತಿಯೋ, ಸುತ್ತಳತೆ ಎಷ್ಟು ಎಂದು. ಅವರಿಗಾಗಿ ಲಾಟುಗಳು ಬೇರೆಯೇ. ಸಿಸ್‌ಎಫ್‌ಎಸ್‌ನಲ್ಲೂ ಸಾಧನ ನಿಜವಾಗಿ ಇರುವುದು /ಸಿಸ್/ಡಿವೈಸಸ್‌ನಲ್ಲಿ, ತಾನು ಜೋಡಿಕೊಂಡ ಕೊಂಬೆಯಲ್ಲಿ. /ಸಿಸ್/ಕ್ಲಾಸ್‌ನಲ್ಲಿರುವುದು ಅಲ್ಲಿಗೆ ದಾರಿ ತೋರಿಸುವ ಕೊಂಡಿ. ಯುಎಸ್‌ಬಿ ಮೌಸು ಇರಲಿ, ಬ್ಲೂಟೂತ್ ಮೌಸು ಇರಲಿ, ಎರಡೂ ಇನ್‌ಪುಟ್ ವರ್ಗದವೇ. ನೆಟ್‌ವರ್ಕ್ ಕಾರ್ಡಿಗೂ ಮೊದಲ ಬಾರಿಗೆ ಉಳಿದ ಸಾಧನಗಳ ಸಾಲಿನಲ್ಲಿ ಜಾಗ ಸಿಕ್ಕಿತು. ವರ್ಗದೊಳಗಿನ ಸಾಧನಕ್ಕೆ ಮೇಜರ್, ಮೈನರ್ ಸಂಖ್ಯೆಗಳಿದ್ದರೆ ಅವು ಅಲ್ಲೇ "ಡೆವ್" ಎಂಬ ಪುಟ್ಟ ಕಡತದಲ್ಲಿರುತ್ತವೆ. 2003ರಲ್ಲಿ ಕ್ರೋ-ಹಾರ್ಟ್‌ಮನ್ ಬರೆದ ಯುಡೆವ್ ಅದನ್ನು ಓದಿಯೇ /ಡೆವ್‌ನಲ್ಲಿ ಹೆಸರುಗಳನ್ನು ಸೃಷ್ಟಿಸತೊಡಗಿತು. ಸಂಖ್ಯೆಗಳು ಅಳಿಯಲಿಲ್ಲ, ವರ್ಗದ ಆಳಾದವು.

ಕರ್ನಾಟಕದ ಪಾಲು ಇಲ್ಲಿ ಎರಡು ತುದಿಗಳಲ್ಲಿ ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ 2.4.18 ಕರ್ನೆಲ್ ಮೇಲೆ ಓಡುತ್ತಿತ್ತು. ಅಂದರೆ ವರ್ಗಗಳು ಬರುವ ಮೊದಲಿನ ಕಾಲಕ್ಕೆ ಸೇರಿದ್ದು. ಇನ್ನೊಂದು ತುದಿ ಕರ್ನೆಲ್‌ನ ಒಳಗೇ ಇದೆ, ಅದರ ಬಗ್ಗೆ ಕನ್ನಡದಲ್ಲಿ ಇನ್ನಷ್ಟು ಬರೆಯಬೇಕು. 2.6ರ ಆರಂಭದಲ್ಲಿ ಸಿಸ್‌ಎಫ್‌ಎಸ್‌ನ ಪ್ರತಿಯೊಂದು ಕಡತದ ಮಾಹಿತಿಯೂ, ಯಾರೂ ಓದದಿದ್ದರೂ, ಸದಾ ಸ್ಮೃತಿಯಲ್ಲಿ ಕೂತಿರುತ್ತಿತ್ತು. 32 ಬಿಟ್ ಯಂತ್ರಗಳಲ್ಲಿ ಕರ್ನೆಲ್‌ಗೆ ನೇರವಾಗಿ ಸಿಗುವ ಸ್ಮೃತಿ 896 ಎಂಬಿ ಆಸುಪಾಸು. ಸಾವಿರಾರು ಡಿಸ್ಕ್‌ಗಳ ಸರ್ವರ್‌ನಲ್ಲಿ ಅದರ ದೊಡ್ಡ ಪಾಲು ಸಾಧನಗಳ ಪಟ್ಟಿಗೇ ಹೋಗುತ್ತಿತ್ತು. ಐಬಿಎಂನ ಬೆಂಗಳೂರು ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿದ್ದ ಮನೀಶ್ ಸೋನಿ ಇದಕ್ಕೆ ಪರಿಹಾರ ಬರೆದರು: ಸಾರಾಂಶವನ್ನಷ್ಟೇ ಉಳಿಸಿಕೊಂಡು, ಓದಲು ಯಾರಾದರೂ ಬಂದಾಗ ಉಳಿದದ್ದನ್ನು ಕಟ್ಟುವುದು, ಆಮೇಲೆ ಬಿಟ್ಟುಕೊಡುವುದು. ಹಲವು ಸುತ್ತಿನ ತಿದ್ದುಪಡಿಗಳ ನಂತರ 2004ರಲ್ಲಿ ಅದು ಮೂಲ ಕರ್ನೆಲ್‌ಗೆ ಸೇರಿತು. 2007ರಲ್ಲಿ ತೇಜುನ್ ಹಿಯೊ ಈ ಭಾಗವನ್ನು ಮತ್ತೆ ಬರೆದರು. 2014ರಲ್ಲಿ ಅದು ಕರ್ನ್‌ಎಫ್‌ಎಸ್ ಎಂಬ ಸ್ವತಂತ್ರ ಪದರವಾಯಿತು. ವರ್ಗೀಕರಣ ಎಷ್ಟೇ ಚೆನ್ನಾಗಿರಲಿ, ಅದರ ವೆಚ್ಚ ಭರಿಸುವಂತಿಲ್ಲದಿದ್ದರೆ ದೊಡ್ಡ ಯಂತ್ರಗಳಲ್ಲಿ ನಡೆಯುತ್ತಿರಲಿಲ್ಲ.

ಆಮೇಲೆ ಹೊಸ ವರ್ಗಗಳು ಬಂದವು: 2006ರಲ್ಲಿ ಎಲ್‌ಇಡಿ, 2007ರಲ್ಲಿ ಪವರ್ ಸಪ್ಲೈ. ಜೋಯಿಡಾದಲ್ಲಿ ಮಳೆಗಾಲದ ಹೊತ್ತು ಕರೆಂಟು ಹೋದಾಗ ಲ್ಯಾಪ್‌ಟಾಪಿನ ಮೂಲೆಯಲ್ಲಿ ಇಳಿಯುತ್ತಾ ಹೋಗುವ ಶೇಕಡಾವಾರು ಬರುವುದು ಈ ವರ್ಗದ "ಕೆಪ್ಯಾಸಿಟಿ" ಕಡತದಿಂದ. ಬ್ಯಾಟರಿ ಯಾವ ಕಂಪನಿಯದ್ದಾದರೂ ಕಡತದ ಹೆಸರು ಅದೇ. ಇನ್‌ಪುಟ್ ವರ್ಗದ ಮಿತಿಯೂ ಅಷ್ಟೇ ಸ್ಪಷ್ಟ. "ಕೆ" ಕೀಲಿ ಒತ್ತಿದರೆ ಕರ್ನೆಲ್ ಕೊಡುವುದು 37 ಎಂಬ ಸಂಖ್ಯೆ ಮಾತ್ರ. ಕಗಪ ಎಂಬ ಕನ್ನಡ ಕೀಲಿಮಣೆ ವಿನ್ಯಾಸ ಆರಿಸಿಕೊಂಡವರ ಪರದೆಯಲ್ಲಿ ಅದು "ಕ" ಆಗುತ್ತದೆ. ಮುಂಡಗೋಡಿನ ಟಿಬೆಟನ್ ವಸತಿಯಲ್ಲಿ ಟಿಬೆಟನ್ ವಿನ್ಯಾಸ ಬಳಸುವವರಿಗೆ ಅದೇ 37 ಬೇರೆ ಅಕ್ಷರ. ಲಿಪಿಯ ತೀರ್ಮಾನ ಕರ್ನೆಲ್‌ನ ಹೊರಗೆ ನಡೆಯುತ್ತದೆ, ನಡೆಯಬೇಕಾದದ್ದೂ ಅಲ್ಲಿಯೇ.

ವ್ಯವಸ್ಥೆ ಇನ್ನೂ ಪೂರ್ತಿಯಾಗಿಲ್ಲ. ಬಸ್ (ಸಾಧನ ಜೋಡಿಕೊಳ್ಳುವ ದಾರಿ) ಮತ್ತು ಕ್ಲಾಸ್ (ವರ್ಗ) ಎಂಬ ಭೇದವನ್ನೇ ತೆಗೆದು ಎರಡನ್ನೂ /ಸಿಸ್/ಸಬ್‌ಸಿಸ್ಟಮ್ ಎಂಬ ಒಂದೇ ಸೂರಿನಡಿ ತರುವ ಯೋಜನೆ ಕರ್ನೆಲ್‌ನ ದಾಖಲೆಯಲ್ಲಿ ಬರೆದಿಟ್ಟಿತ್ತು. ಅದು ಕೈಗೂಡಲಿಲ್ಲ, ಹಳೆಯ ಎರಡು ಕಡತಕೋಶಗಳು ಇಂದಿಗೂ ಬೇರೆಬೇರೆಯಾಗಿಯೇ ಇವೆ. 2023ರ 6.4 ಆವೃತ್ತಿಯಲ್ಲಿ ವರ್ಗ ಸೃಷ್ಟಿಸುವ ಕಾರ್ಯದಿಂದ ಮಾಡ್ಯೂಲ್ ಯಾವುದೆಂದು ತಿಳಿಸುವ ಅಂಶವನ್ನು ತೆಗೆದುಹಾಕಲಾಯಿತು. ಅದರಿಂದಾಗಿ ಹಳೆಯ ಪುಸ್ತಕ ನೋಡಿ ಪ್ರಯೋಗಾಲಯದಲ್ಲಿ ಡ್ರೈವರ್ ಬರೆಯುವ ವಿದ್ಯಾರ್ಥಿಯ ಕೋಡು ಹೊಸ ಕರ್ನೆಲ್‌ನಲ್ಲಿ ಕಂಪೈಲ್ ಆಗುವುದಿಲ್ಲ. ಎರಡು ಅಂಶಗಳಿದ್ದ ಕಡೆ ಈಗ ವರ್ಗದ ಹೆಸರೊಂದನ್ನೇ ಕೊಡಬೇಕು.